ಕೂಣಿಯೊಳಗಿನ ಮುರುಗೋಡು

ನನ್ನ ತವರಿನಲ್ಲಿ ಅದಕ್ಕೆ ಕೂಳಿ ಎನ್ನುತ್ತಿದ್ದರೋ, ಕೂಣಿ ಎನ್ನುತ್ತಿದ್ದರೋ. ಆ ಊರು ಬಿಟ್ಟು ಐವತ್ತು ವರ್ಷವಾಯಿತು, ಈ ಬಯಲುಸೀಮೆಯಲ್ಲಿ ಕೇಳಿದರೆ ಹೇಳುವವರಿಲ್ಲ. ಕೂಣಿ ಎಂದೇ ಇಟ್ಟುಕೊಳ್ಳೋಣ. ಮೀನು ಹಿಡಿಯುವ ಬಿದಿರಿನ ಬುಟ್ಟಿ ಅದು. ಬಾಯಿಯ ಕಡ್ಡಿಗಳು ಒಳಮುಖವಾಗಿ ಬಾಗಿರುತ್ತವೆ. ಒಳಗೆ ಹೋಗುವಾಗ ದಾರಿ ಬಿಡುತ್ತವೆ, ಹೊರಗೆ ಬರುವಾಗ ಚುಚ್ಚುತ್ತವೆ.

ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಗದ್ದೆಗೆ ಹತ್ತುತ್ತಿದ್ದವು. ಎಲ್ಲರಿಗಿಂತ ಮುಂದೆ ಹೊರಟ ಉದ್ದ ಮೀಸೆಯ ಮುರುಗೋಡು ಮೀನು, ಗದ್ದೆಯ ಅಂಚಿನಲ್ಲಿ ಒಡ್ಡಿದ್ದ ಕೂಣಿಗೆ ನುಗ್ಗಿತು. ಹಿಂದಿರುಗಲು ನೋಡಿದರೆ ಮೂತಿಗೆ ಕಡ್ಡಿ ಚುಚ್ಚಿತು.

ಹೊರಗಿದ್ದ ಏಡಿ ಕೇಳಿತು, "ಒಳಗೆ ಹೇಗಿದೆ, ಮೀಸೆರಾಯರೇ?"

"ಅರಮನೆ. ಕೊಕ್ಕರೆಯ ಕಾಟವೂ ಇಲ್ಲ."

"ಹಾಗಾದರೆ ಹೊರಗೆ ಬಂದು ಹೇಳಿ."

"ನನಗೆ ಪುರುಸೊತ್ತಿಲ್ಲ."

ಅಷ್ಟರಲ್ಲಿ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಅದರ ತಂಗಿ ಕೂಣಿಯ ಬಾಯಿಗೆ ಬಂದಳು. "ಅರಮನೆಯಂತೆ! ನಾನೂ ಬರಲೇ ಅಣ್ಣಾ?"

ಮುರುಗೋಡು ಏಡಿಯ ಕಡೆ ನೋಡಿತು, ತಂಗಿಯ ಹೊಟ್ಟೆ ನೋಡಿತು.

"ಬರಬೇಡ. ನಾನು ಸಿಕ್ಕಿಬಿದ್ದಿದ್ದೇನೆ. ಪಕ್ಕದ ಕಂಡಿಯಿಂದ ಹತ್ತಿ ಹೋಗು."

ತಂಗಿ ಅಳುತ್ತಲೇ ಪಕ್ಕದ ಕಂಡಿ ಹತ್ತಿ ಗದ್ದೆ ಸೇರಿದಳು.

"ನನಗೇಕೆ ಸುಳ್ಳು ಹೇಳಿದಿರಿ?" ಎಂದಿತು ಏಡಿ.

"ನಿನ್ನೆದುರು ಮಾನ ಹೋಗುತ್ತದಲ್ಲ ಎಂದು."

"ಈಗ ಹೋಗಲಿಲ್ಲವೇ?"

"ಹೋಯಿತು. ತಂಗಿ ಉಳಿದಳು."

ಇಂಚರಾ, ಇದನ್ನು ನೀನು ಬರೆದಿಡು. ಮುರುಗೋಡು ಮೊದಲು ಹೇಳಿದ ಸುಳ್ಳನ್ನೂ ಬಿಡದೆ ಬರೆ, ಮಗಳೇ.