ಬೋರಲು ಹಾಕಿದ ತಂಬಿಗೆ

“ಗುರುಗಳೇ, ಇದನ್ನು ಸುಟ್ಟುಬಿಡಲೇ?”

ಕೇಳಿದವನು ಸಿದ್ರಾಮ. ಅವನ ಕೈಯಲ್ಲಿ ಮೂರು ವರ್ಷ ಕೂತು ಬರೆದ ಕಾದಂಬರಿಯಿತ್ತು, ಜೇಬಿನಲ್ಲಿ ಬೆಂಕಿಪೊಟ್ಟಣ. ಕಾದಂಬರಿಯಲ್ಲಿ ನಾಡೆಲ್ಲ ಹಾಳುಬಿದ್ದು, ಸತ್ತವರು ಎದ್ದು ನಡೆಯುತ್ತಾರೆ. ಓದಿದ ಗೆಳೆಯರು, “ಜೋಂಬಿ ಕತೆಯೇ? ನೂರು ಸಿನಿಮಾದಲ್ಲಿ ನೋಡಿದ್ದೇವೆ ಬಿಡು” ಎಂದು ನಕ್ಕಿದ್ದರು. ಆ ನಗು ಅವನಿಗೆ ತುಂಬಾ ನೋವು ಕೊಟ್ಟಿತ್ತು. ಸಾಂಕ್ರಾಮಿಕದ ವರ್ಷ ತೀರಿಕೊಂಡ ಅಣ್ಣನ ಮುಖವನ್ನೂ ನೋಡಲಾಗದೆ ಆಸ್ಪತ್ರೆಯ ಗೇಟಿನಿಂದ ಮರಳಿದವನು ಅವನು. ಆ ಬೇಸಿಗೆಯಲ್ಲೇ ಬರೆಯಲು ಕೂತಿದ್ದ.

“ಸುಡುವುದಕ್ಕೆ ಅದೇನು ಅವಸರವಯ್ಯಾ? ಕೂತುಕೋ” ಎಂದು ಗದರಿ, ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಮಟಮಟ ಮಧ್ಯಾಹ್ನ ಸತ್ತವರು ಬಂದು ಬಾಗಿಲು ಬಡಿಯತೊಡಗಿದರು. ತೆರೆದವರು ಅವರ ಹಿಂದೆಯೇ ಹೋಗಿಬಿಡುತ್ತಿದ್ದರು. ಓದುಬರಹ ಬಲ್ಲ ಬಡಗಿಯೊಬ್ಬ ತನ್ನ ಬಾಗಿಲ ಮೇಲೆ ಇದ್ದಿಲಿನಿಂದ ‘ನಾಳೆ ಬಾ’ ಎಂದು ಬರೆದ. ಬಂದ ಹೆಣ ಓದಿಕೊಂಡು ಹೊರಟುಹೋಯಿತು. ಮರುದಿನವೂ ಬಂತು, ಓದಿತು, ಹೋಯಿತು.

ಊರವರೆಲ್ಲ ಅದನ್ನೇ ನೋಡಿ ಬರೆದುಕೊಂಡರು. ಕಂಬಳಿ ನೇಯುವವನೊಬ್ಬನಿಗೆ ಅಕ್ಷರ ಬಾರದು. ಅವನೂ ಬಂದು ಗೆರೆಗೆ ಗೆರೆ ನೋಡಿ, ತನ್ನ ಬಾಗಿಲ ಮೇಲೆ ತಿದ್ದಿದ. ಅದನ್ನು ಕಂಡ ಬಡಗಿ ಹಣೆ ಚಚ್ಚಿಕೊಂಡ.

“ಅಯ್ಯೋ ಮಂಕೇ! ನನ್ನ ಬಾಗಿಲಿನ ಬಿರುಕನ್ನೂ ಬರೆದುಕೊಂಡಿದ್ದೀಯಲ್ಲೋ!”

“ಬಿರುಕು ಯಾವುದೋ, ಅಕ್ಷರ ಯಾವುದೋ, ನನಗೇನು ಗೊತ್ತಣ್ಣಾ? ಬಂದದ್ದು ಹೋದರೆ ಸಾಕು.”

ಒಂದು ದಿನ ಅವನ ಬಾಗಿಲಿಗೆ ಬಂದವಳು ಅವನ ತಾಯಿ. ಅವಳು ಸಾಯುವಾಗ ನೀರು ನೀರು ಎಂದಿದ್ದಳಂತೆ. ಆಗ ಅವನು ಕಂಬಳಿ ಮಾರಲು ಸಂತೆಗೆ ಹೋಗಿದ್ದ. ಈಗ ಬಾಗಿಲು ತೆರೆದರೆ ಅವನು ಉಳಿಯುವುದಿಲ್ಲ. ಬಾಗಿಲ ಮೇಲೆ ಬರೆದಂತೆ ನಾಳೆ ಬಾ ಎಂದು ತಾಯಿಯನ್ನು ಕಳಿಸುವುದಾದರೂ ಹೇಗೆ? ಅವನು ಅಳುತ್ತಲೇ ಕಿಟಕಿಯಿಂದ ಕೈಚಾಚಿ, ಒಂದು ತಂಬಿಗೆ ನೀರನ್ನು ಜಗಲಿಯ ಮೇಲಿಟ್ಟ. ತಾಯಿ ಕುಡಿದಳು. ಬದುಕಿದ್ದಾಗ ಮಾಡುತ್ತಿದ್ದ ಹಾಗೆಯೇ ತಂಬಿಗೆಯನ್ನು ಬೋರಲು ಹಾಕಿ ಹೋದಳು. ಆಮೇಲೆ ಬರಲಿಲ್ಲ.

ಮರುದಿನ ಊರಿನ ಬಾಗಿಲುಗಳ ಮೇಲಿನ ‘ನಾಳೆ ಬಾ’ ಅಳಿಸಿಹೋಗಿ, ಎಲ್ಲ ಜಗಲಿಗಳ ಮೇಲೂ ತಂಬಿಗೆಗಳು ಕಾಣಿಸಿಕೊಂಡವು. ಬಡಗಿಯೂ ಇಟ್ಟಿದ್ದ. ಸತ್ತವರು ಬಂದರು, ನೀರಿನ ಕಡೆ ತಿರುಗಿಯೂ ನೋಡದೆ ಬಾಗಿಲು ಬಡಿದರು.

ಗುರುಗಳು ಕತೆ ನಿಲ್ಲಿಸಿದರು. ಸಿದ್ರಾಮ ಹಟ ಬಿಡಲಿಲ್ಲ.

“ಹಾಗಾದರೆ ಈ ನಡೆಯುವ ಹೆಣಗಳನ್ನು ಬಿಟ್ಟು, ಯಾರೂ ಬರೆಯದ್ದನ್ನೇ ಹುಡುಕಿ ಬರೆಯುತ್ತೇನೆ.”

“ಹೆಣಗಳು ಇರಲಿ ಬಿಡಯ್ಯಾ, ನಿನ್ನ ಅಣ್ಣ ಯಾವ ಪುಟದಲ್ಲಿ ಬಂದು ಬಾಗಿಲು ಬಡಿಯುತ್ತಾನೆ, ಅದನ್ನು ತೋರಿಸು.”

ಸಿದ್ರಾಮ ಪುಟ ತಿರುವಲಿಲ್ಲ. ಅಣ್ಣ ಯಾವ ಪುಟದಲ್ಲೂ ಇರಲಿಲ್ಲ. ಬೆಂಕಿಪೊಟ್ಟಣವನ್ನು ಗುರುಗಳ ಮುಂದಿಟ್ಟು, ಕಾದಂಬರಿಯನ್ನು ಎದೆಗವುಚಿಕೊಂಡು ಎದ್ದ.