ಇರುವೆ ಸಾಲು ಮತ್ತು ಕೊತ್ವಾಲನ ಮೂಗು

"ಪ್ರಭು, ಇದು ಬರೀ ಮೂಗಲ್ಲ. ಏಳು ಗೋಡೆಯಾಚೆ ಕದ್ದ ಮಾಲಿದ್ದರೂ ಮೂಸಿ ಹಿಡಿಯುವ ಮೂಗು!" ಎಂದು ಕೊತ್ವಾಲ ದುರ್ಗೋಜಿ ತುಂಬಿದ ಒಡ್ಡೋಲಗದಲ್ಲಿ ಮೂಗು ತಟ್ಟಿಕೊಂಡ.

ಗಡದೂರಿನ ದೊರೆ ಬೊಪ್ಪಣ್ಣನಾಯಕನ ಬೆಳ್ಳಿ ಅಡಕೊತ್ತು ಕಾಣೆಯಾಗಿ ಎರಡು ದಿನವಾಗಿತ್ತು. ಅಜ್ಜನ ಕಾಲದ್ದು. ದೊರೆಯ ಮುಖ ಸಪ್ಪಗಿತ್ತು, ಕೊತ್ವಾಲನ ಮುಖದಲ್ಲಿ ಹಬ್ಬದ ಕಳೆಯಿತ್ತು.

"ಮನೆ ಜಾಲಾಡಲು ಒಂದು ಅಪ್ಪಣೆಯ ಓಲೆ ಕೊಡಿ, ಪ್ರಭು. ಸಂಜೆಯೊಳಗೆ ಅಡಕೊತ್ತು ನಿಮ್ಮ ಪಾದದಲ್ಲಿರುತ್ತೆ. ಮೊದಲು ನುಗ್ಗುವುದು ಬಳೆಗಾರ್ತಿ ಸಣ್ಣೀರಮ್ಮನ ಮನೆಗೆ."

ಕೊತ್ವಾಲನ ಆಳುಗಳ ಬಾಯಿಂದ ಮೊದಲೇ ಸುದ್ದಿ ಕೇಳಿ ಓಡಿಬಂದಿದ್ದ ಸಣ್ಣೀರಮ್ಮ ಬಾಗಿಲಲ್ಲೇ ಕೈಮುಗಿದಳು. "ಬುದ್ಧೀ, ನಾನು ಅರಮನೆ ಹೊಸಿಲು ದಾಟಿದೋಳಲ್ಲ. ಮನೆ ತುಂಬಾ ಗಾಜಿನ ಬಳೆ ಐತೆ. ಇವ್ರ ಆಳುಗಳು ದೊಣ್ಣೆ ಹಿಡ್ಕಂಡು ಬಂದ್ರೆ ಬರೀ ಚೂರು ಉಳೀತದೆ. ಬರೋ ತಿಂಗಳ ಮದುವೆಗಳಿಗೆ ಏನ್ ತೊಡಿಸ್ಲಿ? ಹೊಟ್ಟೆಗೇನ್ ತಿನ್ಲಿ?"

ಓಲೆ ಬರೆಯುವ ರಾಯಸದ ಹಂಪಯ್ಯನಿಗೆ ಅಸಲು ಕಾರಣ ಗೊತ್ತಿತ್ತು. ಹೋದ ವಾರ ಸಂತೆಯಲ್ಲಿ ಈಕೆ ಕೊತ್ವಾಲನ ಮೀಸೆ ನೋಡಿ ಕಿಸಕ್ಕನೆ ನಕ್ಕಿದ್ದಳು. ಅವಳ ಅಪರಾಧ ಅಷ್ಟೇ. ಆದರೆ ಸಭೆಯಲ್ಲಿ ದೊರೆಗೆ ಎದುರಾಡುವಷ್ಟು ದಡ್ಡ ಹಂಪಯ್ಯ ಅಲ್ಲ.

"ಯಾರ ಮನೆ ಅಂತ ಬರೆಯಲಿ, ಕೊತ್ವಾಲರೇ?"

"ಯಾರದಾದರೂ ಸರಿ."

"ಹುಡುಕುವ ವಸ್ತು?"

"ಸಿಕ್ಕಿದ್ದೆಲ್ಲ. ಸಿಕ್ಕಿದ್ದನ್ನೆಲ್ಲ ತಂದು ಸಭೆಯಲ್ಲಿ ಹರವಬೇಕು."

"ಕಾರಣ?"

"ಮೂಗು! ಮೂಗಿಗೆ ವಾಸನೆ ಬಂತು ಅಂದರೆ ಮುಗಿಯಿತು."

"ನಿಮ್ಮ ಹೆಸರು ಹಾಕಲೇ?"

"ಬೇಡ ಕಣಯ್ಯ. ನನ್ನ ಆಳುಗಳು ಕೈಬದಲಾಯಿಸಿಕೊಂಡು ಹೋಗುತ್ತಾರೆ. 'ಈ ಓಲೆ ಹಿಡಿದವರು' ಅಂತ ಬರಿ."

ದೊರೆ ತಲೆಯಾಡಿಸಿದ. ಹಂಪಯ್ಯ ಹೇಳಿದ್ದನ್ನು ಹೇಳಿದಂತೆ ಬರೆದು, ರಾಜಮುದ್ರೆ ತರಲು ದೊರೆಯ ಮಲಗುವ ಕೋಣೆಗೆ ಹೋದ. ಅಲ್ಲಿ ಕಿಟಕಿಯಿಂದ ಮಂಚದ ಅಡಿಗೆ ಕೆಂಪಿರುವೆಗಳ ಸಾಲು ಹೊರಟಿತ್ತು. ದೊರೆ ಸಿಹಿ ಮುಟ್ಟಕೂಡದೆಂದು ವೈದ್ಯರು ಹೇಳಿ ತಿಂಗಳಾಗಿತ್ತು. ಅದಕ್ಕೆ ಕಾವಲು ಸ್ವತಃ ಮಹಾರಾಣಿ. ಹಂಪಯ್ಯ ಬಗ್ಗಿ ನೋಡಿದ. ನಗು ಬಂತು, ನುಂಗಿಕೊಂಡ.

ದೊರೆ ಮುದ್ರೆ ಒತ್ತಿದ ಕೂಡಲೇ ಕೊತ್ವಾಲ ಕೈಚಾಚಿದ. ಹಂಪಯ್ಯ ಓಲೆಯನ್ನು ಸಣ್ಣೀರಮ್ಮನ ಕೈಗಿಟ್ಟ.

"ಏಯ್! ಅವಳಿಗೇಕೆ?"

"ಹಿಡಿದವರು ಅಂತ ನೀವೇ ಬರೆಸಿದ್ದು. ಈಗ ಹಿಡಿದಿರುವವಳು ಆಕೆ. ಸಣ್ಣೀರಮ್ಮ, ನಿನ್ನ ಮೂಗು ಏನನ್ನುತ್ತೆ? ದೊರೆಗಳ ಮಲಗುವ ಕೋಣೆ ಅನ್ನುತ್ತದೆಯೇ?"

ಬಳೆಗಾರ್ತಿ ಚುರುಕಿನ ಹೆಂಗಸು. ಕಾವಲಿನವನ ಕೈಯಿಂದ ಬೆತ್ತ ಕಿತ್ತುಕೊಂಡು ನೆಟ್ಟಗೆ ಒಳಕ್ಕೆ ನಡೆದಳು. ಸಭೆಯೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ದೊರೆ ಪಂಚೆ ಎತ್ತಿಕಟ್ಟಿ ಹಿಂದೆಯೇ ಓಡಿದ, ಅವನ ಹಿಂದೆ ಮುದ್ರೆ ಹಿಡಿದ ಹಂಪಯ್ಯ.

"ನಿಲ್ಲು! ಯಾವ ಕಾರಣಕ್ಕೆ ನನ್ನ ಕೋಣೆಗೆ ನುಗ್ಗುತ್ತೀಯೆ?"

"ಮೂಗು, ಬುದ್ಧೀ," ಎಂದು ಸಣ್ಣೀರಮ್ಮ ಮೂಗು ತಟ್ಟಿಕೊಂಡಳು. ಬೆತ್ತ ಮಂಚದ ಅಡಿಗೆ ಹೋಯಿತು. ಹೊರಗೆ ಬಂದದ್ದು ಒಂದು ಪಿಂಗಾಣಿ ಜಾಡಿ, ಅದರ ಜೊತೆಗೇ ಅಂಟಿಕೊಂಡು ಬೆಳ್ಳಿ ಅಡಕೊತ್ತು.

ದೊರೆ ಬಿಳಿಚಿಕೊಂಡ. ಮಧ್ಯಾಹ್ನದ ನಿದ್ದೆಯ ನೆಪದಲ್ಲಿ ಕದ್ದು ಬೆಲ್ಲದಚ್ಚು ಕತ್ತರಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಡಕೊತ್ತು ಇಟ್ಟದ್ದು ಎಲ್ಲಿ ಅನ್ನುವುದಷ್ಟೇ ಮರೆತಿತ್ತು.

"ಓಲೆಯ ಪ್ರಕಾರ ಸಿಕ್ಕಿದ್ದನ್ನೆಲ್ಲ ಸಭೆಯಲ್ಲಿ ಹರವಬೇಕು, ಪ್ರಭು," ಎಂದ ಹಂಪಯ್ಯ.

ಅಷ್ಟರಲ್ಲಿ ಪಡಸಾಲೆಯಲ್ಲಿ ಮಹಾರಾಣಿಯ ಕಾಲಂದುಗೆ ಘಲ್ಲೆಂದಿತು.

"ಹಂಪಯ್ಯಾ! ಆ ದರಿದ್ರ ಓಲೆ ಹರಿದುಹಾಕು! ಬೇರೆ ಕಟ್ಟಳೆ ಬರಿ, ಬೇಗ!"

ಹಂಪಯ್ಯ ಓಲೆ ಬರೆಯುವ ಕಂಟವನ್ನು ಕಿವಿಯ ಹಿಂದಿನಿಂದ ತೆಗೆದ. "ಯಾರ ಮನೆ, ಯಾವ ಜಾಗ, ಯಾವ ವಸ್ತು ಅಂತ ಓಲೆಯಲ್ಲೇ ಇರಬೇಕು. ಬರೆದದ್ದನ್ನು ಬಿಟ್ಟು ಬೇರೆಯದನ್ನು ಕೆದಕಕೂಡದು. ಕಾರಣವನ್ನು ಆಣೆಯಿಟ್ಟು ಹೇಳಬೇಕು. ಅದು ಸರಿಯೋ ತಪ್ಪೋ ಅಂತ ತೂಗುವವರು ಹುಡುಕಲು ಹೊರಟವರಾಗಿರಬಾರದು. ಮೂಗು ಕಾರಣವೆಂದು ಲೆಕ್ಕಕ್ಕೆ ಬರುವುದಿಲ್ಲ. ಆಗಬಹುದೇ?"

"ಆಗಬಹುದು, ಆಗಬಹುದು!" ದೊರೆ ಮುದ್ರೆ ಒತ್ತಿ, ಜಾಡಿಯ ಮೇಲೆ ಶಲ್ಯ ಎಸೆದ.

ಮಹಾರಾಣಿ ಒಳಗೆ ಬಂದಳು. "ಅಡಕೊತ್ತು ಸಿಕ್ಕಿತೇ? ಸಂತೋಷ. ಶಲ್ಯದ ಕೆಳಗೇನು?"

"ನಾವು ಹುಡುಕಿದ್ದು ಅಡಕೊತ್ತು, ಮಹಾತಾಯಿ," ಎಂದ ಹಂಪಯ್ಯ. "ಹೊಸ ಕಟ್ಟಳೆಯಂತೆ ಬೇರೇನನ್ನೂ ಇಣುಕಿ ನೋಡುವ ಹಾಗಿಲ್ಲ."

ದೊರೆಗೆ ಹೋದ ಜೀವ ಬಂತು. "ಶಹಭಾಸ್!"

ಮಹಾರಾಣಿ ಕಟ್ಟಳೆಯನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಹಾಗಾದರೆ ನನಗೊಂದು ಓಲೆ ಬರಿ, ಹಂಪಯ್ಯ. ಜಾಗ, ಈ ಶಲ್ಯದ ಅಡಿ. ವಸ್ತು, ಬೆಲ್ಲ. ಕಾರಣ, ಅಡಕೊತ್ತಿನ ಮೇಲೆ ಇರುವೆ, ದೊರೆಗಳ ಮೀಸೆಯ ಮೇಲೂ ಒಂದು ಇರುವೆ. ಕಣ್ಣಾರೆ ಕಂಡಿದ್ದೇನೆ, ಕುಲದೇವರ ಆಣೆ."

ದೊರೆ ಮೀಸೆ ಕೊಡವಿಕೊಂಡ. ದನಿ ಸಣ್ಣಗಾಯಿತು. "ಹಂಪಯ್ಯ, ಇದಕ್ಕೂ ಮುದ್ರೆ ಒತ್ತಲೇಬೇಕೇ?"

"ತೂಗಿ ನೋಡಿದೆ, ಪ್ರಭು. ಬಹಳ ಗಟ್ಟಿ ಕಾರಣ. ಸಣ್ಣೀರಮ್ಮನ ಮನೆ ಜಾಲಾಡಲು ಇದರ ಅರ್ಧ ಕಾರಣ ಇದ್ದಿದ್ದರೂ, ಅವಳ ಬಾಗಿಲನ್ನು ನಾನೇ ತಟ್ಟುತ್ತಿದ್ದೆ."

ದೊರೆ ಮೊದಲು ಹುಳಿಮುಖ ಮಾಡಿದ, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು ಬೆಲ್ಲದ ಬೆರಳಲ್ಲೇ ಮುದ್ರೆ ಒತ್ತಿದ. ಹಂಪಯ್ಯನಿಗೆ ಆ ಶಲ್ಯ ಉಡುಗೊರೆಯಾಗಿ ಸಿಕ್ಕಿತು. ಮಹಾರಾಣಿ ಆ ಸಂಜೆಯೇ ಸಣ್ಣೀರಮ್ಮನ ಕೈಯಿಂದ ಎರಡು ಕೈ ತುಂಬ ಹಸಿರು ಬಳೆ ತೊಟ್ಟಳು, ಒಂದೂ ಒಡೆದಿರಲಿಲ್ಲ.