ಮೊದಲು ಕೇಳಿದವನ ಕೊಪ್ಪರಿಗೆ

"ಸಂಘ ಎನ್ನಲೋ, ಧರ್ಮಸಂಸ್ಥೆ ಎನ್ನಲೋ ಗುರುಗಳೇ?" ನಿರ್ವಾಣಪ್ಪ ನಿಂತಲ್ಲಿಂದಲೇ ಕೇಳಿದ. ತನ್ನೂರಿನ ನೇಕಾರರಿಗಾಗಿ ಅವನು ಸಂಸ್ಥೆಯೊಂದನ್ನು ಕಟ್ಟುತ್ತಿದ್ದ. "ಎರಡರಲ್ಲೂ ಲಾಭ ಯಾರ ಮನೆಗೂ ಹೋಗುವುದಿಲ್ಲ. ಸಂಘವಾದರೆ ನಮ್ಮವರಿಗೆ ನಾವು, ಅಷ್ಟೇ. ಧರ್ಮಸಂಸ್ಥೆಯಾದರೆ ಯಾರು ಬಂದರೂ ಕೊಡಬೇಕು, ಆದರೆ ದಾನ ಕೊಡುವವರು ಸಿದ್ಧರಿದ್ದಾರೆ. ನಾಳೆಯೇ ನೋಂದಣಿ. ನನಗೆ ನಿದ್ದೆಯಿಲ್ಲ."

"ಕೂತುಕೋ," ಎಂದರು ಗುರುಗಳು. ಅವನು ಕೂರಲಿಲ್ಲ. ಅವರು ಹೇಳತೊಡಗಿದರು.

ಗಾಣಿಗರ ಓಣಿಯಲ್ಲಿ ಮದುವೆಯ ಅಡುಗೆಗೆ ಕೊಪ್ಪರಿಗೆಗಳಿರಲಿಲ್ಲ. ಬೇಕಾದರೆ ಗೌಡರ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು. ಒಬ್ಬ ಗಾಣಿಗನ ಮಗಳಿಗೆ ಲಗ್ನ ಗೊತ್ತಾಯಿತು. ಓಣಿಗೇ ಕೊಪ್ಪರಿಗೆ ಕೊಳ್ಳೋಣವೆಂದು ಅವನು ಮನೆಮನೆ ತಿರುಗಿ ಹಣ ಕೂಡಿಸಿದ. ಸಾಲಲಿಲ್ಲ.

ಒಬ್ಬ ವ್ಯಾಪಾರಿ ಹೇಳಿದ: "ಉಳಿದದ್ದು ನಾನು ಕೊಡುತ್ತೇನೆ. ಆದರೆ ಕೊಪ್ಪರಿಗೆ ಧರ್ಮದ್ದಾಗಬೇಕು. ಯಾವ ಓಣಿಯವನೇ ಆಗಲಿ, ಮೊದಲು ಕೇಳಿದವನಿಗೆ."

ಗಾಣಿಗನಿಗೆ ಅವಸರ. ಒಪ್ಪಿದ. ಕೊಪ್ಪರಿಗೆಗಳು ಬಂದು ಅವನ ಪಡಸಾಲೆಯಲ್ಲೇ ಕೂತವು.

ಮದುವೆಯ ಮುನ್ನಾದಿನ ಕಲ್ಲು ಒಡೆಯುವವನೊಬ್ಬ ಬಂದ. "ಅವ್ವ ತೀರಿಕೊಂಡಳು. ನಾಳೆ ಅವಳ ದಿವಸದ ಊಟ. ಊರೆಲ್ಲ ಕೇಳಿದೆ, ಯಾರೂ ಪಾತ್ರೆ ಕೊಡಲಿಲ್ಲ."

"ನಾಳೆ ನನ್ನ ಮಗಳ ಲಗ್ನ, ತಮ್ಮಾ."

"ನೀವು ಕೇಳಿಟ್ಟಿದ್ದಿರೇನು?"

"ಯಾರನ್ನು ಕೇಳಲಿ? ನನ್ನ ಪಡಸಾಲೆಯಲ್ಲೇ ಇವೆಯಲ್ಲ."

"ಹಾಗಾದರೆ ಮೊದಲು ಕೇಳಿದವನು ನಾನೇ, ಯಜಮಾನರೇ."

ಗಾಣಿಗ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದ. ಮೆಟ್ಟು ಹಾಕದೆಯೇ ವ್ಯಾಪಾರಿಯ ಮನೆಗೆ ಹೋದ. "ನಿಮ್ಮ ಹಣ ವಾಪಸ್ ತಗೊಳ್ಳಿ. ಕೊಪ್ಪರಿಗೆ ನಮ್ಮ ಓಣಿಯದಾಗಲಿ."

"ನಾನು ಕೊಟ್ಟದ್ದು ನಿನಗಲ್ಲ, ಧರ್ಮಕ್ಕೆ," ಎಂದ ವ್ಯಾಪಾರಿ. "ಹಿಂದಕ್ಕೆ ಪಡೆಯಲು ಅದು ಈಗ ನನ್ನದೂ ಅಲ್ಲ."

ಕೊಪ್ಪರಿಗೆಗಳು ಹೋದವು. ಮದುವೆಯ ಅನ್ನ ಮನೆಮನೆಯ ಸಣ್ಣ ಪಾತ್ರೆಗಳಲ್ಲಿ ಬೆಂದಿತು. ಒಂದು ಪಂಕ್ತಿ ಉಣ್ಣುವಾಗ ಇನ್ನೊಂದು ಕಾದು ಕೂತಿತು. "ಊಟಕ್ಕೆ ಕರೆದಿರೋ, ಪ್ರಸಾದಕ್ಕೆ ಕರೆದಿರೋ?" ಎಂದರು ಬೀಗರು. ಅರ್ಧ ಹೊಟ್ಟೆಯಲ್ಲೇ ಎದ್ದು ಗಾಡಿ ಕಟ್ಟಿದರು. ಗಂಡನ ಮನೆಯಲ್ಲಿ ಮಗಳು ಆ ಮಾತನ್ನು ಬಹುಕಾಲ ಕೇಳಬೇಕಾಯಿತು.

ಗುರುಗಳು ಕಥೆ ಮುಗಿಸಿದರು.

"ಹಾಗಾದರೆ ಸಂಘವೇ ಸರಿ," ಎಂದು ನಿರ್ವಾಣಪ್ಪ ಬಾಗಿಲ ಕಡೆ ತಿರುಗಿದ.

"ಆ ದಿನ ಕಲ್ಲು ಒಡೆಯುವವನ ಮನೆಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡರು," ಎಂದರು ಗುರುಗಳು.

ನಿರ್ವಾಣಪ್ಪ ಬಾಗಿಲಲ್ಲೇ ನಿಂತ. ಆಮೇಲೆ ಹಿಂದಿರುಗಿ ಬಂದು ಕೂತ.